ಮೆಚ್ಚಿದ ಬರಹ ಬೇಕಾದಾಗ ಕೈಗೆ ಸಿಗಬೇಕಾದರೆ

ಪ್ರಶ್ನೆ: ನಾನು ಸಾಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸ್ವಲ್ಪ ಬರೆಯುವ ಹವ್ಯಾಸವೂ ಇದೆ. ಇಂಟರ್‌ನೆಟ್ಟಿನಲ್ಲಿ ಓದಿ ಇಷ್ಟಪಟ್ಟ ಪ್ರಬಂಧ, ಕವಿತೆ, ಅಂಕಣಗಳನ್ನು ವರ್ಷಗಳಿಂದ ಉಳಿಸಿಕೊಳ್ಳುತ್ತಾ ಬಂದಿದ್ದೇನೆ. ಕೆಲವು ಫೇಸ್‌ಬುಕ್ಕಿನ ಸೇವ್‌ನಲ್ಲಿವೆ, ಕೆಲವನ್ನು ವಾಟ್ಸಾಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡಿದ್ದೇನೆ, ಉಳಿದವು ಸ್ಕ್ರೀನ್‌ಶಾಟ್. ಲೇಖನಗಳನ್ನು ಆಮೇಲೆ ಓದಲು ಕೂಡಿಡುವ ಪಾಕೆಟ್ ಆ್ಯಪ್‌ನಲ್ಲೂ ಒಂದಷ್ಟಿದ್ದವು, ಅದು ಮುಚ್ಚಿಹೋಯಿತು. ಬೇಕಾದಾಗ ಒಂದೂ ಸಿಗುವುದಿಲ್ಲ. ಮಳೆಗಾಲದ ಬಗ್ಗೆ ಓದಿದ್ದ ಒಳ್ಳೆಯ ಪ್ರಬಂಧವೊಂದನ್ನು ಮೊನ್ನೆ ಮಕ್ಕಳಿಗೆ ಓದಿ ಹೇಳೋಣ ಎಂದು ಹುಡುಕಿದೆ, ಕೊಂಡಿಯೇ ತೆರೆಯಲಿಲ್ಲ. ಯಾವ ಆ್ಯಪ್ ಬಳಸಲಿ? ಹೀಗೆ ಕೂಡಿಟ್ಟದ್ದನ್ನು ತರಗತಿಯಲ್ಲಿ ಬಳಸಿದರೆ ತಪ್ಪಾಗುತ್ತದೆಯೇ?

ಉತ್ತರ: ಮೇಷ್ಟ್ರೇ, ಆ್ಯಪ್ ಹೆಸರು ಹೇಳುತ್ತೇನೆ, ಆದರೆ ಸ್ವಲ್ಪ ತಡೆದು. ನಿಮ್ಮ ತೊಂದರೆ ಆ್ಯಪ್‌ನಿಂದ ಬಂದದ್ದಲ್ಲ. ನಾನು ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಇದೇ ಮಾತು ಹೇಳಿಕೊಂಡು ಬರುವ ಅಧ್ಯಾಪಕರು, ಬರೆಯುವ ಹುಡುಗರು ತುಂಬಾ ಜನ. ಅವರ ಫೋನ್ ತೆಗೆದು ನೋಡಿದರೆ ಕೊಂಡಿಗಳು ರಾಶಿ ಇರುತ್ತವೆ, ಬರಹ ಒಂದೂ ಇರುವುದಿಲ್ಲ. ಯಾರು ಬರೆದದ್ದು, ಯಾವಾಗ ಬಂದದ್ದು ಎಂಬ ಗುರುತಿರುವುದಿಲ್ಲ. ಯಾಕೆ ಇಟ್ಟುಕೊಂಡೆವು ಎಂಬುದು ಅವರಿಗೇ ಮರೆತುಹೋಗಿರುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು. ಇಷ್ಟವಾದ ಬರಹವನ್ನು ಪೂರ್ತಿಯಾಗಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಬರೆದವರ ಹೆಸರು, ಬಂದ ಜಾಗ, ದಿನಾಂಕ ಜೊತೆಗಿರಲಿ. ಅದರ ಮೇಲೆ, ಇದು ನನಗೆ ಯಾಕೆ ಬೇಕು ಎಂದು ನಿಮ್ಮದೇ ಮಾತಿನಲ್ಲಿ ಎರಡು ಸಾಲು ಬರೆಯಿರಿ. ಈ ಎರಡು ಸಾಲನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಸಂಗ್ರಹ ನಿಂತಿರುವುದು ಮಾತ್ರ ಅದರ ಮೇಲೆಯೇ.

ಮೊದಲು ಕೊಂಡಿಯ ವಿಷಯ ನೋಡೋಣ. ವೆಬ್‌ನಲ್ಲಿ ಒಮ್ಮೆ ಹಾಕಿದ್ದು ಶಾಶ್ವತ ಎಂದು ನಾವು ನಂಬಿಬಿಟ್ಟಿದ್ದೇವೆ. ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷ ಕಳೆಯುವಷ್ಟರಲ್ಲಿ ಸಿಗದಂತಾಗಿದ್ದವು. ಪುಟಗಳ ಕಥೆ ಹೀಗಾದರೆ ಅವುಗಳನ್ನು ಕೂಡಿಡಲು ಇದ್ದ ಸೇವೆಗಳ ಕಥೆಯೂ ಅದೇ. ಜನ ತಮ್ಮ ಕೈಯಾರೆ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ 2009ರಲ್ಲಿ ಹೋಯಿತು. ಹಲವು ತಾಣಗಳ ಹೊಸ ಬರಹವನ್ನು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತಿತು. ಓಮ್ನಿವೋರ್ ಎಂಬ ಒಳ್ಳೆಯ ಓದುವ ಆ್ಯಪ್ ಒಂದಿತ್ತು, ಅದು 2024ರ ನವೆಂಬರ್‌ನಲ್ಲಿ ಮುಚ್ಚಿತು. ನಿಮ್ಮ ಪಾಕೆಟ್ 2007ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ, 2017ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ಕೈಗೆ ಬಂದು, 2025ರ ಜುಲೈ 8ರಂದು ಕೆಲಸ ನಿಲ್ಲಿಸಿತು. ಇವುಗಳಲ್ಲಿ ಯಾವುದೂ ಕೆಟ್ಟ ಸೇವೆ ಆಗಿರಲಿಲ್ಲ. ನಡೆಸುವವರಿಗೆ ಬೇಡವಾಯಿತು, ನಿಲ್ಲಿಸಿದರು. ಇವತ್ತು ನಾನು ಹೊಗಳುವ ಆ್ಯಪ್‌ಗೂ ನಾಳೆ ಅದೇ ಆಗಬಹುದು. ಅದಕ್ಕೇ ಆ್ಯಪ್ ಹೆಸರನ್ನು ಹಿಂದಕ್ಕೆ ಇಟ್ಟುಕೊಂಡೆ.

ಕನ್ನಡದಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ನಮ್ಮಲ್ಲಿ ಒಳ್ಳೆಯ ಗದ್ಯದ ದೊಡ್ಡ ಪಾಲು ಈಗ ಫೇಸ್‌ಬುಕ್ ಗೋಡೆಗಳ ಮೇಲಿದೆ. ಹಳೆಯ ಊರಿನ ನೆನಪು, ಅಡುಗೆ, ತೋಟ, ಯಕ್ಷಗಾನ, ಆಸ್ಪತ್ರೆಯ ಕೆಲಸ, ಪೊಲೀಸ್ ಠಾಣೆಯ ದಿನಗಳು ಹೀಗೆ ಎಷ್ಟೋ ವಿಷಯಗಳನ್ನು ಪತ್ರಿಕೆಗೆ ಎಂದೂ ಬರೆಯದವರು ಅಲ್ಲಿ ಸೊಗಸಾಗಿ ಬರೆಯುತ್ತಾರೆ. ಅವರು ಖಾತೆ ಮುಚ್ಚಿದರೆ, ಇಲ್ಲವೇ ಬೇಜಾರಾಗಿ ಪೋಸ್ಟ್ ಅಳಿಸಿದರೆ ಅಲ್ಲಿಗೆ ಮುಗಿಯಿತು. ಫೇಸ್‌ಬುಕ್ಕಿನ ಸೇವ್ ಬರಹವನ್ನು ಉಳಿಸುವುದಿಲ್ಲ, ಅದಕ್ಕೆ ಹೋಗುವ ದಾರಿಯನ್ನು ಮಾತ್ರ ಉಳಿಸುತ್ತದೆ. ಪತ್ರಿಕೆಗಳ ಜಾಲತಾಣಗಳದು ಇನ್ನೊಂದು ರೀತಿ. ತಾಣಕ್ಕೆ ಹೊಸ ರೂಪ ಕೊಟ್ಟಾಗ ಹಳೆಯ ಲೇಖನಗಳ ವಿಳಾಸ ಬದಲಾಗುತ್ತದೆ. ಲೇಖನ ಅಲ್ಲೇ ಎಲ್ಲೋ ಇರಬಹುದು, ಆದರೆ ನಿಮ್ಮ ಹತ್ತಿರ ಇರುವ ಕೊಂಡಿ ಅಲ್ಲಿಗೆ ಹೋಗುವುದಿಲ್ಲ.

ಹಾಗಾಗಿ ನಿಮ್ಮ ಮಳೆಯ ಪ್ರಬಂಧದ ಆಸೆ ಬಿಡಬೇಡಿ. ಇಂಟರ್‌ನೆಟ್ ಆರ್ಕೈವ್ ಎಂಬ ಲಾಭವಿಲ್ಲದ ಸಂಸ್ಥೆ 1996ರಿಂದ ವೆಬ್ ಪುಟಗಳ ನಕಲು ಇಡುತ್ತಾ ಬಂದಿದೆ. 2001ರಲ್ಲಿ ಅವರು ಅದನ್ನು ವೇಬ್ಯಾಕ್ ಮೆಷಿನ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದರು. ಸತ್ತ ಕೊಂಡಿಯ ಪೂರ್ತಿ ವಿಳಾಸವನ್ನು ಅಲ್ಲಿ ಹಾಕಿದರೆ, ಆ ಪುಟದ ನಕಲನ್ನು ಯಾವ್ಯಾವ ದಿನ ತೆಗೆದಿದ್ದಾರೆ ಎಂದು ಕ್ಯಾಲೆಂಡರ್‌ನಂತೆ ತೋರಿಸುತ್ತದೆ. ಒಂದು ದಿನ ಆರಿಸಿಕೊಂಡರೆ ಪುಟ ಆಗ ಹೇಗಿತ್ತೋ ಹಾಗೆ ತೆರೆಯುತ್ತದೆ. ಲೇಖನದ ಪುಟ ಸಿಗದಿದ್ದರೆ ಆ ಪತ್ರಿಕೆಯ ಅಂಕಣದ ಮುಖಪುಟವನ್ನೋ ಲೇಖಕರ ಹೆಸರಿನ ಪುಟವನ್ನೋ ಹಾಕಿ ನೋಡಿ, ಅಲ್ಲಿಂದ ಒಳಗೆ ಹೋಗಲು ಆಗುತ್ತದೆ. ಲೇಖನದ ಒಂದು ಸಾಲು ನೆನಪಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಯಾರೋ ಮತ್ತೊಂದು ಕಡೆ ಹಾಕಿಕೊಂಡಿರುವ ಸಾಧ್ಯತೆ ಇದ್ದೇ ಇರುತ್ತದೆ. ಆ ಪ್ರಬಂಧವನ್ನು ನೀವು ಯಾರಿಗಾದರೂ ವಾಟ್ಸಾಪ್‌ನಲ್ಲಿ ಕಳಿಸಿದ್ದರೆ ಆ ಮಾತುಕತೆಯಲ್ಲಿ ತಲೆಬರಹವಾದರೂ ಉಳಿದಿರುತ್ತದೆ. ಏನೂ ಆಗದಿದ್ದರೆ ಬರೆದವರನ್ನೇ ಕೇಳಿ. ತಮ್ಮ ಬರಹವನ್ನು ವರ್ಷಗಳ ಮೇಲೂ ನೆನಪಿಟ್ಟುಕೊಂಡು ಹುಡುಕುವವರಿದ್ದಾರೆ ಎಂದರೆ ಸಂತೋಷಪಡದ ಲೇಖಕರನ್ನು ನಾನಂತೂ ಕಂಡಿಲ್ಲ.

ಅದೇ ವೇಬ್ಯಾಕ್ ಮೆಷಿನ್‌ನಲ್ಲಿ ಪುಟವನ್ನು ಈಗಲೇ ಉಳಿಸಿ ಎಂದು ನಾವೇ ಹೇಳುವ ಸೌಲಭ್ಯವೂ ಇದೆ. ಮುಖಪುಟದಲ್ಲೇ ಒಂದು ಪೆಟ್ಟಿಗೆ ಇರುತ್ತದೆ, ವಿಳಾಸ ಹಾಕಿ ಒತ್ತಿದರೆ ಸಾಕು. ಇಷ್ಟವಾದ ಪ್ರತಿ ಲೇಖನಕ್ಕೂ ಹೀಗೆ ಮಾಡಿ ಎಂದು ನಾನು ನಮ್ಮ ಕಾಲೇಜಿನ ಮಕ್ಕಳಿಗೆ ಹೇಳುತ್ತಿರುತ್ತೇನೆ. ಅದು ನಿಮ್ಮೊಬ್ಬರಿಗೆ ಅಲ್ಲ, ಮುಂದೆ ಹುಡುಕಿಕೊಂಡು ಬರುವ ಎಲ್ಲರಿಗೂ ಆಗುವ ಉಪಕಾರ. ಫೇಸ್‌ಬುಕ್ ಪೋಸ್ಟ್‌ಗಳಿಗೆ ಮಾತ್ರ ಇದು ಸಾಮಾನ್ಯವಾಗಿ ನಡೆಯುವುದಿಲ್ಲ, ಲಾಗಿನ್ ಅಡ್ಡ ಬರುತ್ತದೆ. ಅಲ್ಲಿಯದನ್ನು ನೀವೇ ನಕಲು ಮಾಡಿ ಇಟ್ಟುಕೊಳ್ಳಬೇಕು.

ಈಗ ನಕಲು ಮಾಡುವುದು ಹೇಗೆ ಎಂಬ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಇಂಗ್ಲಿಷ್ ಓದುವವರಿಗೆ ಹೇಳುವ ಸಲಹೆ ಕನ್ನಡಕ್ಕೆ ಹಾಗೇ ಹೊಂದುವುದಿಲ್ಲ.

ಸ್ಕ್ರೀನ್‌ಶಾಟ್ ಚಿತ್ರ. ಅದರೊಳಗಿನ ಅಕ್ಷರ ಹುಡುಕಿದರೆ ಸಿಗುವ ಭರವಸೆ ಇಲ್ಲ. ಈಗಾಗಲೇ ಇರುವ ಸ್ಕ್ರೀನ್‌ಶಾಟ್‌ಗಳನ್ನು ಗೂಗಲ್ ಲೆನ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯವನ್ನು ಓದಿ ಕೊಡುತ್ತದೆ, ಅದನ್ನು ನಕಲು ಮಾಡಿಕೊಳ್ಳಬಹುದು. ಒತ್ತಕ್ಷರಗಳಲ್ಲಿ, ಅರ್ಕಾವತ್ತಿನಲ್ಲಿ ತಪ್ಪು ಬರುತ್ತವೆ, ಒಮ್ಮೆ ಕಣ್ಣಾಡಿಸಿ ತಿದ್ದಿ. ಇನ್ನು ಮುಂದೆ ಮಾತ್ರ ಸ್ಕ್ರೀನ್‌ಶಾಟ್ ತೆಗೆಯುವ ಅಭ್ಯಾಸ ಬಿಡಿ.

ಪಿಡಿಎಫ್ ಮಾಡಿ ಇಡುವವರು ಬಹಳ ಜನ. ನೋಡಲು ಅಚ್ಚುಕಟ್ಟು, ಮುದ್ರಿಸಲು ಸುಲಭ. ಆದರೆ ಪಿಡಿಎಫ್ ಒಳಗೆ ಇರುವುದು ಅಕ್ಷರದ ಆಕಾರಗಳು ಮತ್ತು ಅವು ಕೂರುವ ಜಾಗ. ಕನ್ನಡದಲ್ಲಿ ಗುಣಿತ, ಒತ್ತು ಎಲ್ಲ ಸೇರಿ ಒಂದು ಆಕಾರ ಆಗುತ್ತದಲ್ಲ, ಅದನ್ನು ಮತ್ತೆ ಬಿಡಿಸಿ ಓದುವಾಗ ಎಷ್ಟೋ ಸಲ ಹಿಂದುಮುಂದಾಗುತ್ತದೆ. ಕಣ್ಣಿಗೆ ಸರಿಯಾಗಿ ಕಾಣುವ ಪದವನ್ನೇ ಹುಡುಕಿದರೂ ಸಿಗುವುದಿಲ್ಲ. ಪಿಡಿಎಫ್ ಮಾಡಿದ ಕೂಡಲೇ ಒತ್ತಕ್ಷರ ಇರುವ ಒಂದು ಪದ ಹುಡುಕಿ ನೋಡಿ, ಸಿಕ್ಕಿದರೆ ಇಟ್ಟುಕೊಳ್ಳಿ. ಹಳೆಯ ಪತ್ರಿಕೆಗಳ ಪಿಡಿಎಫ್ ಕಷ್ಟ ಬೇರೆ ಥರದ್ದು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಸಂಕೇತದ ಬಳಕೆ ಹರಡುವ ಮೊದಲು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳು ತಮ್ಮತಮ್ಮದೇ ಫಾಂಟ್ ಸಂಕೇತಗಳನ್ನು ಬಳಸುತ್ತಿದ್ದವು. ಅಂಥ ಕಡತದಿಂದ ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅದು ಹಾಳಾದದ್ದಲ್ಲ. ಫಾಂಟ್ ಪರಿವರ್ತಕದಲ್ಲಿ ಹಾಕಿದರೆ ಯೂನಿಕೋಡ್ ಕನ್ನಡ ಸಿಗುತ್ತದೆ.

ಎಲ್ಲಕ್ಕಿಂತ ಗಟ್ಟಿ ಎಂದರೆ ಸರಳ ಪಠ್ಯ. ಬರಹವನ್ನು ಆಯ್ದು, ನಕಲು ಮಾಡಿ, ಒಂದು ಟಿಪ್ಪಣಿಯಲ್ಲಿ ಅಂಟಿಸುವುದು. ಇದಕ್ಕೆ ಯಾವ ವಿದ್ಯೆಯೂ ಬೇಡ, ಫೋನಿನಲ್ಲೇ ಆಗುತ್ತದೆ. ಪುಟದ ತುಂಬಾ ಜಾಹೀರಾತು ಇದ್ದರೆ ಬ್ರೌಸರ್‌ನ ರೀಡರ್ ನೋಟಕ್ಕೆ ಹೋಗಿ, ಬರಹ ಮಾತ್ರ ಉಳಿಯುತ್ತದೆ. ಚಿತ್ರ, ವಿನ್ಯಾಸ ಸಮೇತ ಬೇಕೆಂದರೆ ಸಿಂಗಲ್‌ಫೈಲ್ ಎಂಬ ಉಚಿತ ಬ್ರೌಸರ್ ಜೋಡಣೆ ಇದೆ. ಪುಟವನ್ನು ಚಿತ್ರಗಳ ಸಮೇತ ಒಂದೇ ಎಚ್‌ಟಿಎಂಎಲ್ ಕಡತವಾಗಿ ಇಳಿಸಿಕೊಡುತ್ತದೆ. ಇಂಟರ್‌ನೆಟ್ ಇಲ್ಲದೆಯೂ ಅದು ತೆರೆಯುತ್ತದೆ, ಕನ್ನಡವೂ ಕೆಡುವುದಿಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ನೆಟ್‌ವರ್ಕ್ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆ್ಯಪ್ ಎಂದರೆ ನಾನು ಎರಡನ್ನು ಹೇಳುತ್ತೇನೆ. ಒಂದು ಅಬ್ಸಿಡಿಯನ್ ಎಂಬ ಟಿಪ್ಪಣಿ ಬರೆಯುವ ಆ್ಯಪ್. ಅದರಲ್ಲಿ ಬರೆದದ್ದೆಲ್ಲ ನಿಮ್ಮದೇ ಫೋನ್ ಅಥವಾ ಕಂಪ್ಯೂಟರಿನಲ್ಲಿ ಸಾದಾ ಪಠ್ಯದ ಕಡತಗಳಾಗಿ ಉಳಿಯುತ್ತದೆ. ನಾಳೆ ಆ ಕಂಪನಿ ಇಲ್ಲದಿದ್ದರೂ ಕಡತಗಳನ್ನು ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ವೆಬ್ ಪುಟವನ್ನು ನೇರವಾಗಿ ಅದರೊಳಕ್ಕೆ ತರುವ ಕ್ಲಿಪ್ಪರ್ ಕೂಡ ಇದೆ. ಇನ್ನೊಂದು ಜೊಟೆರೊ. 2006ರಲ್ಲಿ ಸಂಶೋಧಕರಿಗಾಗಿ ಶುರುವಾದ ಮುಕ್ತ ತಂತ್ರಾಂಶ. ಲೇಖನ ಉಳಿಸುವಾಗಲೇ ಲೇಖಕರ ಹೆಸರು, ದಿನಾಂಕ, ವಿಳಾಸವನ್ನು ತಾನೇ ತುಂಬಿಕೊಳ್ಳಲು ನೋಡುತ್ತದೆ, ಪುಟದ ನಕಲನ್ನೂ ತೆಗೆದಿಡುತ್ತದೆ. ಪಿಎಚ್‌.ಡಿ. ಮಾಡುವವರಿಗೆ ನಾನು ಕಣ್ಣು ಮುಚ್ಚಿಕೊಂಡು ಇದನ್ನೇ ಹೇಳುತ್ತೇನೆ. ನಿಮಗೆ ಮೊದಲನೆಯದು ಸಾಕು. ಅದೂ ಬೇಡ, ಫೋನಿನಲ್ಲಿ ಈಗಾಗಲೇ ಇರುವ ನೋಟ್ಸ್ ಆ್ಯಪ್ ಸಾಕು ಎಂದರೆ ಅದೂ ಸರಿ. ನೋಡಬೇಕಾದದ್ದು ಒಂದೇ. ಎಲ್ಲವನ್ನೂ ಒಟ್ಟಿಗೆ ಹೊರಗೆ ತೆಗೆದುಕೊಳ್ಳಲು ಆಗುತ್ತದೆಯೇ, ತೆಗೆದದ್ದು ಬೇರೆ ಕಡೆ ತೆರೆಯುತ್ತದೆಯೇ ಎಂದು ಮೊದಲ ವಾರವೇ ಪರೀಕ್ಷೆ ಮಾಡಿ.

ಮುಂದಿನ ಮಾತು ಮೂಲದ ಬಗ್ಗೆ. ನೀವು ಕನ್ನಡ ಪಾಠ ಮಾಡುವವರು, ಸೂಕ್ತಿಸುಧಾರ್ಣವ ನಿಮಗೆ ಗೊತ್ತೇ ಇದೆ. 13ನೇ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಶಬ್ದಮಣಿದರ್ಪಣ ಬರೆದ ಕೇಶಿರಾಜನ ತಂದೆ ಮಲ್ಲಿಕಾರ್ಜುನ ಕಟ್ಟಿದ ಸಂಕಲನ. ತನಗಿಂತ ಹಿಂದಿನ ಕವಿಗಳ ಕಾವ್ಯಗಳಿಂದ ಚೆನ್ನಾದ ಪದ್ಯಗಳನ್ನು ಆರಿಸಿ ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ ಎಂದು ವರ್ಣನೆಯ ವಿಷಯದ ಪ್ರಕಾರ ಜೋಡಿಸಿದ. ಒಬ್ಬ ಓದುಗ ತನಗೆ ಮೆಚ್ಚಿಗೆಯಾದದ್ದನ್ನು ಕೂಡಿಟ್ಟ ಕೆಲಸವೇ ಅದು, ಅಲ್ವಾ? ಒಂದನೆಯ ಗುಣವರ್ಮನ ಶೂದ್ರಕದಂಥ ಕಾವ್ಯ ನಮಗೆ ಪೂರ್ತಿ ಸಿಕ್ಕಿಲ್ಲ, ಅದರ ಪದ್ಯಗಳು ಉಳಿದಿರುವುದು ಇಂಥ ಸಂಗ್ರಾಹಕರ ಕೈಯಿಂದ. ಆದರೆ ಸಂಕಲನದ ಕೆಲವು ಪದ್ಯಗಳು ಯಾವ ಕಾವ್ಯದವು ಎಂದು ಇಂದಿಗೂ ತಿಳಿದಿಲ್ಲ. ಪದ್ಯ ಉಳಿಯಿತು, ಕವಿ ಉಳಿಯಲಿಲ್ಲ. ಆ ಕಾಲದ ಓದುಗರಿಗೆ ಬಹುಶಃ ಹೇಳುವ ಅಗತ್ಯವೇ ಇರಲಿಲ್ಲ, ಕೇಳಿದ ಕೂಡಲೇ ಗುರುತು ಸಿಗುತ್ತಿತ್ತು. ಈಗ ನಿಮ್ಮ ಸ್ಥಿತಿಯೂ ಅದೇ. ಇವತ್ತು ಉಳಿಸುವಾಗ ಲೇಖಕರ ಹೆಸರು ನಾಲಿಗೆಯ ತುದಿಯಲ್ಲೇ ಇರುತ್ತದೆ, ಬರೆಯುವುದು ಯಾಕೆ ಅನ್ನಿಸುತ್ತದೆ. ಐದು ವರ್ಷ ಕಳೆಯಲಿ.

ವಾಟ್ಸಾಪ್‌ನಲ್ಲಿ ಬಂದ ಬರಹಕ್ಕೆ ಇದು ಇನ್ನೂ ಮುಖ್ಯ. ಅಲ್ಲಿ ಒಂದು ಒಳ್ಳೆಯ ಬರಹ ನಾಲ್ಕು ಗುಂಪು ದಾಟುವಷ್ಟರಲ್ಲಿ ಲೇಖಕರ ಹೆಸರು ಉದುರಿರುತ್ತದೆ, ಕೊನೆಗೆ 'ಕೃಪೆ: ವಾಟ್ಸಾಪ್' ಎಂದು ಉಳಿದಿರುತ್ತದೆ. ಯಾರೋ ಒಬ್ಬರು ರಾತ್ರಿ ಕೂತು ಬರೆದ ಗದ್ಯ ಅದು. ಹಾಗೆ ಬಂದದ್ದು ಇಷ್ಟವಾದರೆ ಮೊದಲ ಸಾಲನ್ನು ಹುಡುಕಿ, ಬರೆದವರು ಯಾರೆಂದು ಪತ್ತೆ ಮಾಡಿ, ಆಮೇಲೆ ಸೇರಿಸಿಕೊಳ್ಳಿ. ಸಿಗದಿದ್ದರೆ 'ಲೇಖಕರು ಗೊತ್ತಿಲ್ಲ, ಇಂಥ ದಿನ ಇಂಥ ಗುಂಪಿನಲ್ಲಿ ಬಂತು' ಎಂದು ಬರೆದಿಡಿ. ಇದರ ತಲೆಕೆಳಗಾದ ರೋಗವೂ ಇದೆ. ಕುವೆಂಪು ಹೇಳಿದ್ದು, ಬೇಂದ್ರೆ ಹೇಳಿದ್ದು, ಡಿವಿಜಿ ಹೇಳಿದ್ದು ಎಂದು ಓಡಾಡುವ ಮಾತುಗಳಲ್ಲಿ ಅವರು ಎಲ್ಲೂ ಹೇಳದವು ಬೇಕಾದಷ್ಟಿವೆ. ಪುಸ್ತಕದ ಹೆಸರು, ಪುಟ ಇಲ್ಲದೆ ದೊಡ್ಡವರ ಹೆಸರಿನಲ್ಲಿ ಬಂದದ್ದನ್ನು ನಾನು ಸಂಗ್ರಹಕ್ಕೆ ಸೇರಿಸುವುದಿಲ್ಲ. ಮಕ್ಕಳ ಮುಂದೆ ನಿಲ್ಲುವ ನಿಮಗೆ ಈ ಎಚ್ಚರ ನನಗಿಂತ ಜಾಸ್ತಿ ಬೇಕು.

ಈಗ ಆ ಎರಡು ಸಾಲಿನ ವಿಷಯ. 'ತುಂಬಾ ಚೆನ್ನಾಗಿದೆ', 'ಮನಸ್ಸಿಗೆ ತಟ್ಟಿತು' ಎಂದು ಬರೆದರೆ ಬರೆಯದಿದ್ದಂತೆಯೇ. ಯಾವುದು ಚೆನ್ನಾಗಿದೆ, ಅದು ಹೇಗೆ ಆಯಿತು ಎಂದು ಕೈ ಇಟ್ಟು ತೋರಿಸಬೇಕು. ಅಡಿಕೆ ಕೊಯ್ಲಿನ ಬಗ್ಗೆ ಒಂದು ಬರಹ ಇಷ್ಟವಾಯಿತು ಎಂದುಕೊಳ್ಳಿ. ಹೀಗೆ ಬರೆಯಬಹುದು: 'ಕೊಯ್ಲಿನ ದಿನದ ಗಡಿಬಿಡಿಯನ್ನು ಒಂದೇ ಒಂದು ವಿಶೇಷಣ ಇಲ್ಲದೆ ಹೇಳಿದ್ದಾರೆ. ಅಡಿಕೆಗೊನೆ ಇಳಿಯುವ ಸದ್ದು, ಹಗ್ಗದ ಸದ್ದು, ಸುಲಿಯುವವರ ಮಾತು ಇಷ್ಟರಲ್ಲೇ ಇಡೀ ಅಂಗಳ ಕಾಣುತ್ತದೆ.' ಇಲ್ಲವೇ: 'ಅಜ್ಜಿ ಸತ್ತದ್ದನ್ನು ಎಲ್ಲೂ ಹೇಳುವುದಿಲ್ಲ, ಎಲೆ ಅಡಿಕೆ ತಟ್ಟೆಯನ್ನು ಯಾರೂ ಮುಟ್ಟದೆ ಹಾಗೇ ಇಟ್ಟದ್ದನ್ನು ಮಾತ್ರ ಹೇಳುತ್ತಾರೆ. ಒಂಬತ್ತನೇ ತರಗತಿಗೆ ಪ್ರಬಂಧ ಬರೆಸುವಾಗ ತೋರಿಸಬೇಕು.' ಇವೆರಡೂ ನಾನು ಇಲ್ಲಿಗೆಂದು ಕಟ್ಟಿದ ಮಾದರಿಗಳು, ರೀತಿ ಗೊತ್ತಾಗಲಿ ಎಂದು.

ಇಂಥ ಟಿಪ್ಪಣಿಯಿಂದ ಮೂರು ಲಾಭ ಒಟ್ಟಿಗೆ ಆಗುತ್ತವೆ. ಬರೆಯಲು ಕೂತಾಗ ಆ ಬರಹವನ್ನು ಎರಡನೇ ಸಲ ಓದಲೇಬೇಕಾಗುತ್ತದೆ. ಮೊದಲ ಓದಿನಲ್ಲಿ ಮೆಚ್ಚಿದ್ದು ಎರಡನೆಯದರಲ್ಲಿ ಸಪ್ಪೆ ಅನ್ನಿಸಿದರೆ ಅಲ್ಲೇ ಬಿಟ್ಟುಬಿಡಬಹುದು, ಹಾಗೆ ಬಿಟ್ಟುಹೋಗುವವು ಕಡಿಮೆಯೇನಲ್ಲ. ಇನ್ನು, ನಾಳೆ ಹುಡುಕುವಾಗ ನಿಮಗೆ ನೆನಪಿರುವುದು ಲೇಖಕರ ಮಾತಲ್ಲ, ನಿಮ್ಮ ಮಾತು. 'ಸಾವು ಹೇಳದೆ ಸಾವು ಹೇಳಿದ್ದು' ಎಂದು ನೀವು ಬರೆದಿದ್ದರೆ ಅದೇ ನಿಮ್ಮ ತಲೆಗೆ ಬರುತ್ತದೆ, ಹುಡುಕಿದರೆ ಸಿಗುತ್ತದೆ. ಮೂರನೆಯದು ನಿಮ್ಮ ಬರವಣಿಗೆಗೆ ಸಂಬಂಧಿಸಿದ್ದು. ಬರೆಯುವವರು ಕೂಡಿಟ್ಟ ಬರಹಗಳನ್ನು ಓದಿದಾಗ ಆಗುವ ದೊಡ್ಡ ಅಪಾಯವೆಂದರೆ ಆ ಲೇಖಕರ ದನಿ ನಮ್ಮ ದನಿಯೊಳಗೆ ಬಂದು ಕೂರುವುದು. ಉಪಾಯ ಏನಿದೆ ಎಂದು ಬಿಡಿಸಿ ಬರೆದುಕೊಂಡಾಗ ಉಪಾಯ ನಮ್ಮದಾಗುತ್ತದೆ, ಮಾತು ಅವರ ಹತ್ತಿರವೇ ಉಳಿಯುತ್ತದೆ. ನನಗೆ ಈ ಮೂರನೆಯದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು ಎಂದು ಬಲವಾಗಿ ಅನ್ನಿಸುತ್ತದೆ. ಆ್ಯಪ್‌ಗಳು ಈಗ ಲೇಖನದ ಸಾರಾಂಶವನ್ನು ತಾವೇ ಬರೆದು ಕೊಡುತ್ತವೆ. ಅದನ್ನು ಈ ಜಾಗಕ್ಕೆ ತರಬೇಡಿ. ಲೇಖನದಲ್ಲಿ ಏನಿದೆ ಎಂದು ಯಂತ್ರ ಹೇಳಬಲ್ಲದು. ನಿಮಗೆ ಅದರಿಂದ ಏನಾಗಬೇಕಿತ್ತು ಎಂಬುದು ನಿಮಗೆ ಮಾತ್ರ ಗೊತ್ತು.

ಜೋಡಿಸುವುದು ಹೇಗೆ? ನಮ್ಮ ಕಸುಬಿನ ದೊಡ್ಡವರೊಬ್ಬರನ್ನು ಇಲ್ಲಿ ನೆನೆಯಬೇಕು. ಎಸ್. ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಭಾಗವಾಗಿ 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರು ಅವರೇ. ಒಂದು ಪುಸ್ತಕಕ್ಕೆ ಒಂದೇ ಪೆಟ್ಟಿಗೆ ಎನ್ನುವ ಪದ್ಧತಿ ಅವರಿಗೆ ಸರಿಕಾಣಲಿಲ್ಲ. 1933ರಲ್ಲಿ ಅವರು ತಂದ ಕೋಲನ್ ವರ್ಗೀಕರಣದಲ್ಲಿ ಒಂದೇ ವಿಷಯವನ್ನು ಹಲವು ಮುಖಗಳಿಂದ ನೋಡುತ್ತಾರೆ: ಮುಖ್ಯ ವಸ್ತು ಏನು, ಅದು ಯಾವುದರಿಂದ ಆದದ್ದು, ಏನು ನಡೆಯುತ್ತಿದೆ, ಎಲ್ಲಿ, ಯಾವಾಗ. ನಮ್ಮ ಕೆಲಸಕ್ಕೆ ಇದನ್ನು ಸುಲಭ ಮಾಡಿಕೊಳ್ಳಬಹುದು. ಅಡಿಕೆ ಕೊಯ್ಲಿನ ಆ ಬರಹವನ್ನು 'ಕೃಷಿ' ಎಂಬ ಫೋಲ್ಡರಿಗೆ ಹಾಕಿದರೆ ಅದು ಪ್ರಬಂಧಗಳ ಸಾಲಿನಲ್ಲಿ ಸಿಗುವುದಿಲ್ಲ, ಮಲೆನಾಡಿನ ಸಾಲಿನಲ್ಲೂ ಸಿಗುವುದಿಲ್ಲ. ಫೋಲ್ಡರ್ ಒಂದೇ ಇರಲಿ. ಪ್ರತಿ ಬರಹಕ್ಕೂ ನಾಲ್ಕು ಟ್ಯಾಗ್, ಅಂದರೆ ಗುರುತಿನ ಪದ, ಹಾಕಿ: ಯಾವ ಬಗೆ (ಪ್ರಬಂಧ, ಕವಿತೆ, ಅಂಕಣ), ಯಾವ ವಿಷಯ, ಯಾವ ಊರು ಅಥವಾ ಸೀಮೆ, ನನಗೆ ಯಾವುದಕ್ಕೆ (ತರಗತಿಗೆ, ಬರೆಯುವುದಕ್ಕೆ, ಸುಮ್ನೆ ಓದುವುದಕ್ಕೆ). ನಾಲ್ಕನೆಯದನ್ನು ಯಾವ ಗ್ರಂಥಾಲಯವೂ ನಿಮಗೆ ಹಾಕಿಕೊಡಲಾರದು.

ಟ್ಯಾಗ್ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ನಿಗದಿ ಮಾಡಿಕೊಳ್ಳಿ. ಒಮ್ಮೆ ಕವಿತೆ, ಒಮ್ಮೆ ಕವನ, ಒಮ್ಮೆ ಪದ್ಯ ಎಂದು ಹಾಕಿದರೆ ಸಂಗ್ರಹ ಮೂರು ಹೋಳಾಗುತ್ತದೆ. ಹುಡುಕುವಾಗಲೂ ಕನ್ನಡಕ್ಕೆ ಕೆಲವು ಉಪಾಯ ಬೇಕು. ನಮ್ಮ ಪದಗಳ ತುದಿ ಬದಲಾಗುತ್ತಾ ಹೋಗುತ್ತದೆ. 'ನೀರು' ಎಂದು ಹುಡುಕಿದರೆ 'ನೀರಿನ', 'ನೀರಲ್ಲಿ' ಸಿಗುವುದಿಲ್ಲ. 'ನೀರ' ಎಂದು ಕೊನೆಯ ಉಕಾರ ಬಿಟ್ಟು ಹುಡುಕಿ, ಸಾಮಾನ್ಯವಾಗಿ ಮೂರೂ ಸಿಗುತ್ತವೆ. ಹಾಗೆಯೇ 'ಊರು' ಎಂದು ಹುಡುಕಿದರೆ 'ನಮ್ಮೂರು' ಸಿಗುವುದಿಲ್ಲ, ಸಂಧಿಯಾದಾಗ ಊ ಎಂಬ ಸ್ವರ ಹೋಗಿ ಅದರ ಗುಣಿತದ ಚಿಹ್ನೆ ಬಂದಿರುತ್ತದೆ. ಇಂಗ್ಲಿಷ್‌ನಿಂದ ಬಂದ ಪದಗಳಲ್ಲಿ ಇನ್ನೊಂದು ತೊಡಕು. ಫೇಸ್ ಮತ್ತು ಬುಕ್ ನಡುವೆ ಒತ್ತು ಬರದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿರುತ್ತಾರೆ. ನೀವು ಅದಿಲ್ಲದೆ ಟೈಪ್ ಮಾಡಿದರೆ ಕೆಲವು ಆ್ಯಪ್‌ಗಳಲ್ಲಿ ಹೊಂದಿಕೆಯಾಗುವುದಿಲ್ಲ. ಅಂಥ ಪದ ಬಿಟ್ಟು ಪಕ್ಕದ ಕನ್ನಡ ಪದ ಹಿಡಿದು ಹುಡುಕುವುದೇ ಸುಲಭ. ಇಷ್ಟೆಲ್ಲ ತೊಡಕಿದ್ದರೂ ಟಿಪ್ಪಣಿ ನಿಮ್ಮದೇ ಮಾತಿನಲ್ಲಿದ್ದರೆ ಅರ್ಧ ಕೆಲಸ ಆದಂತೆ.

ಸೇರಿಸಿದಷ್ಟೇ ತೆಗೆಯುವುದೂ ಬೇಕು. ನಾವು ಗ್ರಂಥಾಲಯದಲ್ಲಿ ಕಾಲಕಾಲಕ್ಕೆ ಕಪಾಟಿನ ಕಳೆ ಕೀಳುತ್ತೇವೆ, ಓದುಗರಿಗೆ ಅದು ಗೊತ್ತೇ ಆಗುವುದಿಲ್ಲ. ನಿಮ್ಮಲ್ಲಿ ಎರಡು ಜಾಗ ಇರಲಿ. ಒಂದು, ಕಣ್ಣಿಗೆ ಬಿದ್ದದ್ದನ್ನು ತಕ್ಷಣ ಹಾಕಿಡುವ ಜಾಗ, ಅದು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವುದಾದರೂ ಸರಿ. ಇನ್ನೊಂದು ನಿಜವಾದ ಸಂಗ್ರಹ. ಭಾನುವಾರ ಬೆಳಿಗ್ಗೆ ಮೊದಲನೆಯದನ್ನು ತೆರೆದು ಓದಿ. ಎರಡು ಸಾಲು ಬರೆಯುವಷ್ಟು ಮನಸ್ಸಾಗುವುದನ್ನು ಮಾತ್ರ ಆಚೆಗೆ ದಾಟಿಸಿ. ಮನಸ್ಸಾಗದ್ದನ್ನು ಅಳಿಸಿ. ತಿಂಗಳಿಗೆ ನಾಲ್ಕೈದು ಬರಹ ದಾಟಿದರೂ ಧಾರಾಳವಾಯಿತು. ಹಳೆಯ ರಾಶಿಯನ್ನೆಲ್ಲ ಒಮ್ಮೆಲೇ ಸರಿಮಾಡಲು ಹೋಗಬೇಡಿ, ಅದರಲ್ಲೇ ಸುಸ್ತಾಗಿ ಪೂರ್ತಿ ಕೈಬಿಟ್ಟವರನ್ನು ನೋಡಿದ್ದೇನೆ. ಇವತ್ತಿನಿಂದ ಓದುವುದಕ್ಕೆ ಹೊಸ ಪದ್ಧತಿ, ಹಳೆಯದು ಬೇಕಾದಾಗ ಒಂದೊಂದಾಗಿ.

ಹೊಸದು ಎಲ್ಲಿ ಸಿಗುತ್ತದೆ ಎಂಬುದನ್ನು ಫೋನ್ ತೋರಿಸಿದ್ದಕ್ಕೆ ಬಿಟ್ಟರೆ ಕೊನೆಗೆ ನಮ್ಮ ಸಂಗ್ರಹವೆಲ್ಲ ಒಂದೇ ರುಚಿಗೆ ಬಂದುಬಿಡುತ್ತದೆ. ಕೆಂಡಸಂಪಿಗೆ, ಅವಧಿ, ಹೊನಲು ಎಂಬ ಕನ್ನಡ ಜಾಲಪತ್ರಿಕೆಗಳಿಗೆ ನೀವಾಗಿಯೇ ಹೋಗಿ ಓದಿ. 2005ರಲ್ಲಿ ಶುರುವಾದ ಸಂಪದ ಎಂಬ ತಾಣದಲ್ಲಿ ಕನ್ನಡದ ಒಂದು ಇಡೀ ತಲೆಮಾರು ಕಂಪ್ಯೂಟರಿನಲ್ಲಿ ಬರೆಯಲು ಕಲಿತಿತು. ಅಲ್ಲಿಯ ಹಳೆಯ ಬರಹಗಳಲ್ಲಿ ಹುಡುಕುವುದು ನನಗೆ ಇವತ್ತಿಗೂ ಖುಷಿಯ ಕೆಲಸ. ಫೀಡ್ಲಿ, ಇನೋರೀಡರ್‌ನಂಥ ಫೀಡ್ (ತಾಣದ ಹೊಸ ಬರಹಗಳ ಪಟ್ಟಿ) ಓದುವ ಆ್ಯಪ್‌ನಲ್ಲಿ ನಿಮಗೆ ಬೇಕಾದ ತಾಣಗಳ ವಿಳಾಸ ಹಾಕಿಟ್ಟರೆ, ಫೀಡ್ ಕೊಡುವ ತಾಣಗಳ ಹೊಸ ಬರಹ ತಾನಾಗಿ ಬಂದು ಕೂರುತ್ತದೆ, ನಡುವೆ ಯಾರೂ ಆರಿಸುವುದಿಲ್ಲ.

ಸಂಗ್ರಹದ ಒಂದು ನಕಲು ಫೋನಿನ ಹೊರಗೆ ಇರಲೇಬೇಕು. ಪೆನ್‌ಡ್ರೈವ್ ಆಗಲಿ, ಗೂಗಲ್ ಡ್ರೈವ್ ಆಗಲಿ. ಪಠ್ಯದ ಕಡತಗಳು ಬಹಳ ಚಿಕ್ಕವು, ಜಾಗದ ಚಿಂತೆ ಇಲ್ಲ.

ಕೊನೆಗೆ ನಿಮ್ಮ ತರಗತಿಯ ಪ್ರಶ್ನೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ಇದಕ್ಕೆ ದಾರಿ ಇದೆ. ಸ್ವಂತ ಬಳಕೆಗೆ, ಅಧ್ಯಯನಕ್ಕೆ ನ್ಯಾಯವಾದ ಮಿತಿಯಲ್ಲಿ ನಕಲು ಮಾಡಿಕೊಂಡರೆ ಅದು ಉಲ್ಲಂಘನೆ ಅಲ್ಲ. ಪಾಠ ಮಾಡುವ ಕೆಲಸದಲ್ಲಿ ಮೇಷ್ಟ್ರೋ ವಿದ್ಯಾರ್ಥಿಯೋ ನಕಲು ಮಾಡಿಕೊಳ್ಳುವುದಕ್ಕೂ ಅದೇ ಕಲಂ ಅವಕಾಶ ಕೊಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಫೋಟೊಕಾಪಿ ಅಂಗಡಿಯ ಮೊಕದ್ದಮೆಯಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ 'ಪಾಠದ ಕೆಲಸ' ಎನ್ನುವುದನ್ನು ಸಾಕಷ್ಟು ವಿಶಾಲವಾಗಿಯೇ ಅರ್ಥ ಮಾಡಿತು. ಹಾಗಾಗಿ ಮಕ್ಕಳಿಗೆ ಓದಿ ಹೇಳುವುದು, ತರಗತಿಗೆಂದು ಪ್ರತಿ ಮಾಡಿ ಕೊಡುವುದು ಇದಕ್ಕೆ ಹೆದರಬೇಕಾಗಿಲ್ಲ. ಇಡೀ ಬರಹವನ್ನು ಶಾಲೆಯ ಫೇಸ್‌ಬುಕ್ ಪುಟಕ್ಕೋ ಊರಿನ ವಾಟ್ಸಾಪ್ ಗುಂಪಿಗೋ ಹಾಕುವುದು ಬೇರೆ ಮಾತು, ಅದು ಪ್ರಕಟಣೆ ಆಗುತ್ತದೆ. ಅಲ್ಲಿಗೆ ನಿಮ್ಮ ಎರಡು ಸಾಲಿನ ಟಿಪ್ಪಣಿ, ಲೇಖಕರ ಹೆಸರು, ಕೊಂಡಿ ಇಷ್ಟನ್ನು ಹಾಕಿ. ಪೂರ್ತಿ ಬರಹವೇ ಬೇಕೆಂದರೆ ಲೇಖಕರಿಗೆ ಒಂದು ಸಂದೇಶ ಕಳಿಸಿ ಒಪ್ಪಿಗೆ ಕೇಳಿ. ಆ ಸಂದೇಶದಲ್ಲಿ ನಿಮ್ಮ ಟಿಪ್ಪಣಿಯನ್ನೂ ಸೇರಿಸಿ. ಮಕ್ಕಳು ಓದಿ ಏನಂದರು ಎಂದು ಆಮೇಲೆ ಮತ್ತೊಮ್ಮೆ ಬರೆಯಿರಿ.